ಹೆಬ್ಬೆರಳು, ಕಿರುಬೆರಳು

2024ರ ನವೆಂಬರ್ 12, ಬೆಳಿಗ್ಗೆ 9.40. ಕುವೈತಿನ ಅಬು ಹಲೀಫಾದ ಹತ್ತಿರದ ಪೈಪ್ ಯಾರ್ಡಿನಲ್ಲಿ ವೆಲ್ಡರ್ ಮುದಕಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಚೀನೀ ವೆಲ್ಡರ್ ಲಿಯುವನ್ನೇ ನೋಡುತ್ತಿದ್ದ. ಚೀನಾದ ವೆಲ್ಡರುಗಳು ಬಂದ ಮೇಲೆ ದೊಡ್ಡ ಕೆಲಸಗಳೆಲ್ಲ ಅವರ ಪಾಲಾಗಿದ್ದವು. ಮೊದಲು ಪ್ರತಿಯೊಂದಕ್ಕೂ ಮುದಕಪ್ಪನನ್ನು ಕೇಳುತ್ತಿದ್ದ ಫೋರ್‌ಮನ್ ಅಝರುದ್ದೀನ್ ಈಗ ಲಿಯುವನ್ನು ಕೇಳುತ್ತಿದ್ದ. ಲಿಯುವಿನ ಕೆಲಸ ನಿಜಕ್ಕೂ ಚೆನ್ನಾಗಿತ್ತು. ಮುದಕಪ್ಪನ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೇ.

ಅಝರುದ್ದೀನ್ ದೂರದಿಂದ ಏನೋ ಕೂಗಿ ಕೇಳಿದ. ಮುದಕಪ್ಪ ಬೆಸೆದಿದ್ದ ಪೈಪಿನ ಮೇಲೆ ಬಗ್ಗಿದ್ದ ಲಿಯು ಎದ್ದುನಿಂತು, ಒಂದು ಕೈಯಿಂದ ಮುದಕಪ್ಪನ ಕಡೆ ತೋರಿಸಿ, ಇನ್ನೊಂದು ಕೈಯ ಹೆಬ್ಬೆರಳನ್ನೂ ಕಿರುಬೆರಳನ್ನೂ ಚಾಚಿದ.

ಮುದಕಪ್ಪನ ಊರಿನಲ್ಲಿ ಹಾಗೆ ತೋರಿಸಿದರೆ ಕುಡಿದಿದ್ದಾನೆ ಎಂದರ್ಥ. ಮದ್ಯ ನಿಷೇಧವಿರುವ ಕುವೈತಿನಲ್ಲಿ ಆ ಮಾತು ಮೇಲೆ ಹೋದರೆ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದಾಗಿ ವಿಮಾನ ಹತ್ತಬೇಕಾಗುತ್ತದೆ.

"ಏನಲೇ ಪಿಳಿಗಣ್ಣ, ನಾ ಕುಡದೀನಿ ಅಂತೀಯೇನು? ನನ್ನ ಕೆಲಸಾ ಕಸ್ಕೊಂಡಿದ್ದು ಸಾಲ್ಲಿಲ್ಲೇನು?"

ಮುದಕಪ್ಪ ಕೈಗೆ ಸಿಕ್ಕ ಸ್ಪ್ಯಾನರಿನಿಂದ ಹೊಡೆದ. "ಹಾಕ್ರಿ ಚೀನೀಗೆ!" ಎಂದು ಯಾರೋ ಕೂಗಿದರು. ಕೆಳಗೆ ಬಿದ್ದ ಲಿಯುವನ್ನು ಇನ್ನಿಬ್ಬರು ಒದ್ದರು.

"ಖಲಾಸ್! ಸಾಕು, ಬಿಡಿ ಮಾರಾಯ್ರೆ!" ಅಝರುದ್ದೀನ್ ಓಡಿಬಂದ. "ಮುದಕಪ್ಪಂದು ವೆಲ್ಡಿಂಗ್ ಎಷ್ಟು ದಪ್ಪ ಉಂಟು ಅಂತ ನಾನೇ ಕೇಳಿದ್ದು. ಚೀನಾದವ್ರು ಆರು ಅಂತ ತೋರ್ಸುದೇ ಹಾಗೆ!"

ಲಿಯುವಿನ ತುಟಿಯಿಂದ ರಕ್ತ ಸೋರುತ್ತಿತ್ತು. ಮುದಕಪ್ಪ ನಂಬಲಿಲ್ಲ. ಲಿಯು ಬೀಳಿಸಿಕೊಂಡಿದ್ದ ಅಳತೆಯ ಗೇಜನ್ನು ನೆಲದಿಂದ ಎತ್ತಿ ತನ್ನ ಬೆಸುಗೆಗೆ ತಾನೇ ಹಿಡಿದ. ಡ್ರಾಯಿಂಗಿನಲ್ಲಿ ಕೇಳಿದ್ದಷ್ಟೇ ಇತ್ತು: ಆರು ಮಿಲಿಮೀಟರ್.