ತೂಗುಸೇತುವೆ ಮೇಲೆ ಸಿದ್ದಮ್ಮನ ಫೋಟೋ

ಕಳಸದ ಆಚೆಯ ತೂಗುಸೇತುವೆ ರೀಲ್ಸಿನಲ್ಲಿ ಬಂದದ್ದೇ ಬಂದದ್ದು, ಅದರ ನಡುವೆ ನಿಂತು ಫೋಟೋ ತೆಗೆಸಿಕೊಳ್ಳದವರು ಮನುಷ್ಯರೇ ಅಲ್ಲ ಅನ್ನೋ ಹಾಗಾಯಿತು. ಗೋಣಿಬೀಡಿನ ಎಸ್ಟೇಟಿನ ಕೂಲಿ ಲೈನಿನಲ್ಲಿ ಪಕ್ಕದ ಮನೆ ಜವರಮ್ಮ ತನ್ನ ಫೋಟೋಗೆ ಫ್ರೇಮ್ ಹಾಕಿಸಿ ಗೋಡೆಗೆ ತೂಗಿಹಾಕಿದ್ದಲ್ಲದೆ, "ನಿನ್ನ ಕೈಲಿ ಆಗಲ್ಲ ಬಿಡು ಸಿದ್ದಕ್ಕ" ಅಂದುಬಿಟ್ಟಳು. ಆ ಒಂದು ಮಾತಿಗೇ ಸಿದ್ದಮ್ಮ ಹೊರನಾಡಿನ ದೇವರ ದರ್ಶನದ ನೆಪ ಹೇಳಿ, ಗಂಡ ಬೊಮ್ಮಯ್ಯ, ಮಗಳು ಮೋನಿಕಾ ಇಬ್ಬರನ್ನೂ ಹೊರಡಿಸಿಕೊಂಡು ಬಂದಿದ್ದಳು. ಫೋಟೋ ಇಲ್ಲದೆ ವಾಪಸು ಹೋದರೆ ಲೈನಿನಲ್ಲಿ ಮುಖ ತೋರಿಸೋದು ಹೇಗೆ?

ಹೆದರಿಕೆಯೇನೂ ಇರಲಿಲ್ಲ. ಹಳ್ಳಕ್ಕೆ ಅಡ್ಡ ಮರದ ದಿಮ್ಮಿ ಹಾಕಿದ ಸಂಕದ ಮೇಲೆ ಸೌದೆ ಹೊರೆ ಹೊತ್ತು ದಾಟಿ ಬೆಳೆದವಳು. ಕಷ್ಟ ಬಂದದ್ದೇ ಅಲ್ಲಿ. ಸಂಕದ ನಡುವೆ ನಿಲ್ಲಬಾರದು, ಆಚೆ ದಡದ ಮೇಲೇ ಕಣ್ಣಿಟ್ಟು ನಡೀಬೇಕು ಅಂತ ಅವ್ವ ಬೆನ್ನಿಗೆ ಗುದ್ದಿ ಕಲಿಸಿದ್ದು ಕಾಲಿಗೆ ಅಂಟಿಕೊಂಡುಬಿಟ್ಟಿತ್ತು.

"ಅಮ್ಮಾ, ನಡುವೆ ನಿಂತ್ಕೋ!" ದಡದಿಂದ ಮೋನಿಕಾ ಮೊಬೈಲ್ ಹಿಡಿದು ಕೂಗಿದಳು. ನಿಲ್ಲಬೇಕು ಅಂತಲೇ ಹೊರಟಳಪ್ಪ, ಕಾಲು ಕೇಳಬೇಕಲ್ಲ! ದಡಬಡ ಆಚೆ ದಡ ಸೇರಿದ ಮೇಲೇ ನಿಂತದ್ದು. ವಾಪಸು ಬರುವಾಗಲೂ ಅದೇ ಕಥೆ. ಮತ್ತೆ ಹೋದಳು, ಮತ್ತೆ ಆಚೆ ದಡವೇ. ಮೊಬೈಲಿನಲ್ಲಿ ಬಂದದ್ದು ಬೆನ್ನು, ಇಲ್ಲವೇ ಬರೀ ಸೆರಗು.

ಬೊಮ್ಮಯ್ಯ ಈಚೆ ಕಲ್ಲಿನ ಮೇಲೆ ಹಾಯಾಗಿ ಕೂತು, "ನಿಲ್ಲೋಕೇನು ಕಷ್ಟ ಮಾರಾಯ್ತಿ? ಬಸ್ ಸ್ಟ್ಯಾಂಡಲ್ಲಿ ನಿಂತ ಹಾಗೆ ನಿಲ್ಲು!" ಅಂತ ಉಪದೇಶ ಮಾಡಿದ.

ಸಿದ್ದಮ್ಮನಿಗೆ ರೇಗಿಹೋಯಿತು. "ಕೂತಲ್ಲೇ ಬುದ್ಧಿ ಹೇಳೋದಲ್ಲ, ಬಂದು ನಿಂತು ತೋರ್ಸಿ ಮಾರಾಯ್ರೆ!" ಅಂತ ಆಚೆ ದಡದಿಂದಲೇ ಕೂಗಿದಳು.

ಮಗಳ ಮುಂದೆ ಮರ್ಯಾದೆ ಪ್ರಶ್ನೆ. ಬೊಮ್ಮಯ್ಯ ಪಂಚೆ ಎತ್ತಿ ಕಟ್ಟಿ ಹೊರಟೇಬಿಟ್ಟ. ನಡುವಿಗೆ ಬರುವಷ್ಟರಲ್ಲಿ ಸೇತುವೆ ತೂಗಿತು, ಕಾಲಡಿ ಹೊಳೆ ಕಂಡಿತು. ಕಂಬಿ ಹಿಡಿದವನು ಮಿಸುಕಲಿಲ್ಲ. "ಸಿದ್ದೀ... ಬಾರೇ" ಅಂದ, ಕೀರಲು ದನಿಯಲ್ಲಿ.

ಅಯ್ಯೋ ದೇವರೇ! ಸಿದ್ದಮ್ಮ ಓಡಿ ಬಂದು ಅವನ ಎರಡೂ ಕೈ ಹಿಡಿದಳು. "ಕೆಳಗೆ ನೋಡ್ಬೇಡಿ. ನನ್ನ ಮುಖ ನೋಡಿ. ನಾನಿದ್ದೀನಲ್ಲ." ಅವನ ಉಸಿರು ಹದಕ್ಕೆ ಬರುವವರೆಗೂ ಅಲ್ಲಾಡದೆ ನಿಂತಳು. ಆಮೇಲೆ ಮೆಲ್ಲಗೆ ನಡೆಸಿಕೊಂಡು ಈಚೆ ದಡಕ್ಕೆ ಬಂದಳು.

ಮೋನಿಕಾ ನಗುತ್ತಾ ಮೊಬೈಲ್ ಮುಂದೆ ಹಿಡಿದಳು. ಫೋಟೋದಲ್ಲಿ ಸೇತುವೆಯ ನಟ್ಟನಡುವೆ ಸಿದ್ದಮ್ಮ ಗಂಡನ ಕೈ ಹಿಡಿದು, ಅವನ ಮುಖವನ್ನೇ ನೋಡುತ್ತಾ ನಿಂತಿದ್ದಾಳೆ. ಮದುವೆ ಫೋಟೋದಲ್ಲೂ ಅವರು ಇಷ್ಟು ಹತ್ತಿರ ನಿಂತಿರಲಿಲ್ಲ. ಸಿದ್ದಮ್ಮನಿಗೆ ನಾಚಿಕೆಯೂ ಆಯಿತು, ಹೇಳಲಾರದಷ್ಟು ಖುಷಿಯೂ ಆಯಿತು.

"ಜವರಮ್ಮತ್ತೆಗೆ ಕಳಿಸ್ಲಾ?"

"ಥೂ, ಹೋಗೇ! ಇದನ್ನೆಲ್ಲ ಊರಿಗೆ ತೋರಿಸ್ತಾರಾ? ನನ್ನ ಕೈಲಿ ಆಗಲಿಲ್ಲ ಅಂತಲೇ ಅವಳು ಹೇಳ್ಕೊಂಡು ತಿರುಗ್ಲಿ ಬಿಡು" ಅಂದ ಸಿದ್ದಮ್ಮ, ಬಸ್ಸು ಬರುವವರೆಗೂ ಮೊಬೈಲನ್ನು ಕೈಯಿಂದ ಬಿಡಲಿಲ್ಲ.