ಬಕೆಟ್ಟಿನ ಇದ್ದಿಲು

ಲ್ಯಾಬಿನ ಫರ್ನೇಸಿನಲ್ಲಿ ಇದ್ದಿಲಿಗೆಂದು ಕಡಲೆಕಾಯಿ ಸಿಪ್ಪೆ ಸುಡುವ ವಾಸನೆ, ಹತ್ತು ವರ್ಷದಿಂದ ಮೈಗಂಟಿದ್ದು, ಎಷ್ಟು ಸೋಪು ಹಚ್ಚಿದರೂ ಹೋಗದು, ಚಿಕ್ಕಮ್ಮಾ ನೀನು ಸುಟ್ಟ ಕಡಲೆಕಾಯಿ ಥರಾ ಇದ್ದೀಯಾ ಎಂದು ಅಕ್ಕನ ಮಗಳು ಕುತ್ತಿಗೆಗೆ ಜೋತುಬಿದ್ದು ಮೂಸುತ್ತಾಳೆ — ಬೇಡ, ಅವಳ ನೆನಪು ಈಗ ಬೇಡ, ಟೊಮೇಟೊ ತಟ್ಟೆಯಲ್ಲಿದೆ, ಚಾಕು ಕೈಯಲ್ಲಿದೆ, ಕೊಯ್ದು ಪರೀಕ್ಷೆಗಿಡುವುದಷ್ಟೇ ಬಾಕಿ, ಒಂದು ಪಕ್ಕ ಕಚ್ಚಿದ ಗುರುತು, ಅದನ್ನು ನೋಡಬಾರದು. ಅಕ್ಕನ ಬಾವಿಯಲ್ಲಿ ಸೀಸವಿದೆ ಎಂದು ಪತ್ತೆ ಮಾಡಿದವಳು ನಾನೇ, ಪಕ್ಕದಲ್ಲೇ ಹಳೇ ಬ್ಯಾಟರಿ ಒಡೆಯುವ ಶೆಡ್ಡು, ಇನ್ನೇನಿರುತ್ತದೆ, ಸೀಸ ಹೀರಿಕೊಳ್ಳಲೆಂದು ಸಿಪ್ಪೆಯ ಇದ್ದಿಲು ತುಂಬಿದ ಡ್ರಮ್ಮಿಟ್ಟು, ಅದರಿಂದ ಇಳಿದ ನೀರನ್ನು ಮೂರು ಸಲ ಪರೀಕ್ಷಿಸಿ, ಇನ್ನು ಧೈರ್ಯವಾಗಿ ಕುಡೀರಿ ಎಂದು ಎಷ್ಟು ಜಂಬದಿಂದ ಹೇಳಿದೆ, ಭಾವ ನಮ್ಮನೆ ವಿಜ್ಞಾನಿ ಎಂದು ಬೀದಿಗೆಲ್ಲ ಡಂಗುರ ಸಾರಿದರು, ನಾನೂ ಉಬ್ಬಿಹೋದೆ. ಹಳೇ ಇದ್ದಿಲು ತೆಗೆದು ಹೊಸದು ತುಂಬಿದ ದಿನ ಬಸ್ಸಿಗೆ ಹೊತ್ತಾಗಿತ್ತು, ಹಳೆಯದು ಹಿತ್ತಲಲ್ಲಿ ಬಕೆಟ್ಟಿನಲ್ಲೇ ಉಳಿಯಿತು, ಮುಂದಿನ ಸಲ ಒಯ್ದರಾಯಿತು ಅಂದುಕೊಂಡೆ, ಆ ಮುಂದಿನ ಸಲ ಬಂದದ್ದು ಮೂರು ತಿಂಗಳಾದ ಮೇಲೆ, ನಿನ್ನೆ, ಒಂದು ಚೀಟಿ ಅಂಟಿಸಬಾರದಿತ್ತೇ, ಲ್ಯಾಬಿನಲ್ಲಿ ಖಾಲಿ ಬಾಟಲಿಗೂ ಚೀಟಿ ಅಂಟಿಸುವವಳು ನಾನು. ಬಕೆಟ್ಟು ಎಲ್ಲಿ ಅಂದರೆ ಅಕ್ಕ ಅಂದಳು, ನೀನೇ ಹೇಳಿದ್ದೆ ಕಣೇ ಇದ್ದಿಲು ಗಿಡಕ್ಕೆ ಒಳ್ಳೇದು ಅಂತ, ಸುಮ್ನೆ ಯಾಕೆ ದಂಡ ಮಾಡೋದು ಅಂತ ಟೊಮೇಟೊ ಕುಂಡಕ್ಕೆ ಹಾಕ್ದೆ, ನೋಡು ಹೆಂಗೆ ಬಿಟ್ಟಿದೆ — ಹೌದು ಅಕ್ಕಾ, ಹೇಳಿದ್ದೆ, ಹೊಸ ಇದ್ದಿಲಿನ ಬಗ್ಗೆ, ಬಾವಿಯ ಸೀಸವನ್ನೆಲ್ಲ ಹೀರಿಕೊಂಡು ಕೂತದ್ದರ ಬಗ್ಗೆ ಅಲ್ಲ. ಹಿಡಿದದ್ದನ್ನು ಇದ್ದಿಲು ಅಷ್ಟು ಸುಲಭವಾಗಿ ಬಿಡದು, ಬಿಡದು, ಆದರೆ ಹುಳಿ ತಾಗಿದರೆ ಬಿಡುತ್ತದೆ, ಇಲ್ಲಿ ಲ್ಯಾಬಿನಲ್ಲಿ ನಾವು ಬಿಡಿಸುವುದೇ ಆಸಿಡ್ ಹಾಕಿ, ಅಕ್ಕ ಆ ಕುಂಡಕ್ಕೆ ದಿನಾ ಸುರಿಯುವುದು ನಿಂಬೆ ಸಿಪ್ಪೆ ನೆನೆಸಿದ ನೀರು.

ನಿನ್ನೆ ಅಕ್ಕನ ಮಗಳೇ ಹಣ್ಣು ಕಿತ್ತು, ಒಂದೇ ಕಚ್ಚು ಕಚ್ಚಿ, ಉಳಿದದ್ದು ನಿಂಗೆ ಚಿಕ್ಕಮ್ಮಾ ಅಂದಳು, ನಾನು ಕಸಿದುಕೊಂಡೆ, ಮಗು ಅತ್ತಿತು, ಅಕ್ಕನಿಗೆ ಏನೂ ಹೇಳಲಿಲ್ಲ, ಮೊದಲು ಅಳೆದು ನೋಡೋಣ, ಸುಮ್ಮನೆ ಯಾಕೆ ಹೆದರಿಸಬೇಕು — ಸುಳ್ಳು, ಹೆದರಿದವಳು ನಾನು, ವಿಜ್ಞಾನಿ ಎಂಬ ಹೆಸರಿಗೆ ಹೆದರಿದವಳು. ಯಂತ್ರದ ಅಂಕಿ ಬರುವಷ್ಟರಲ್ಲಿ ಸಂಜೆ, ಅವಳು ಸ್ಕೂಲಿನಿಂದ ಬರುವುದು ನಾಲ್ಕಕ್ಕೆ, ಈಗ ಮೂರೂವರೆ, ಚಾಕು ಕೆಳಗಿಟ್ಟೆ, ಫೋನು ಎತ್ತಿಕೊಂಡೆ, ಅಕ್ಕಾ, ಆ ಗಿಡ ಮುಟ್ಟಬೇಡ, ಮಗೂಗೆ ಒಂದು ಹಣ್ಣೂ ಕೊಡಬೇಡ, ತಪ್ಪು ನಂದು, ಬಂದು ಎಲ್ಲ ಹೇಳ್ತೀನಿ, ಎಷ್ಟು ತಿಂದಿದ್ದಾಳೆ, ಈವರೆಗೆ ಎಷ್ಟು — ದಿನಾ ತಿಂತಾಳಲ್ಲೇ, ಹಣ್ಣು ಬಿಟ್ಟಾಗಿಂದ, ಯಾಕೇ, ಏನಾಯ್ತು, ಏನಾಯ್ತು ಹೇಳೇ — ತಟ್ಟೆಯಲ್ಲಿ ಟೊಮೇಟೊ, ಪುಟ್ಟ ಹಲ್ಲುಗಳ ಗುರುತು, ಮಧ್ಯದಲ್ಲಿ ಹಾಲುಹಲ್ಲು ಬಿದ್ದ ಕಡೆ ಕಚ್ಚದೆ ಉಳಿದ ಒಂದು ಚೂರು ಕೆಂಪು, ಉಳಿದದ್ದು ನಿಂಗೆ ಚಿಕ್ಕಮ್ಮಾ, ಒಂದು ಚೂರು ಕೆಂಪು.