ಬೆಲ್ಟಿಗೆ ಕಟ್ಟಿದ ಗೊಂಡೆಹೂವಿನ ಮಾಲೆ

ಹಳದಿ ಎಸಳೊಂದು ಹೋಯಿತು, ಗೊಂಡೆಹೂವಿನದೇ, ಲಿಫ್ಟನ್ನು ತೂಗಿ ಹಿಡಿದ ಕರಿಯ ಬೆಲ್ಟಿಗೆ ಅಂಟಿಕೊಂಡು ಟಾರ್ಚಿನ ಬೆಳಕಿನಲ್ಲಿ ಒಮ್ಮೆ ಕಂಡು ಚಕ್ರದತ್ತ ಹೋಯಿತು, ಅದರ ಬೆನ್ನಿಗೇ ಇನ್ನೇನೋ ಮಿಂಚಿತು, ನೀರಿರಬೇಕು, ಅಲ್ಲ, ನೀರು ಹೀಗೆ ಬೆಳ್ಳಗೆ ಮಿಂಚುವುದಿಲ್ಲ, ಉಕ್ಕು, ಅಯ್ಯೋ ದೇವರೇ ಉಕ್ಕು — ಮೇಲಿನ ಹೊದಿಕೆ ಹರಿದು ಒಳಗಿನ ಉಕ್ಕಿನ ಎಳೆ ಹೊರಗೆ ಬಂದಿದೆ, ಶ್ರೀಗೌರಿಯ ಕೈ ತಾನಾಗಿ ಹೋಗಿ ಗೋಡೆಯ ಕೆಂಪು ಗುಂಡಿಯನ್ನು ಗುದ್ದಿತು, ಚಕ್ರ ನಿಂತಿತು, ಹೊನ್ನಾವರದ ಈ ನರ್ಸಿಂಗ್ ಹೋಮಿನ ತಾರಸಿಯ ಮೇಲೆ, ಯಂತ್ರದ ಕೋಣೆಯಲ್ಲಿ ಅವಳ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಬೆಲ್ಟ್ ತಾನೇ, ಒಂದು ಹೋದರೆ ಉಳಿದೆರಡು ಹಿಡಿಯುತ್ತವೆ, ಹೆದರಬೇಡ, ನೀನೇ ಲಿಫ್ಟ್ ಕಂಪನಿಯ ಕುಮಟಾದ ಆಫೀಸಿನಲ್ಲಿ ಹೊಸ ಹುಡುಗರಿಗೆಲ್ಲ ಪಾಠ ಹೇಳುವವಳು, ಹೆದರುವುದೆಂತಕ್ಕೆ, ಟಾರ್ಚ್ ಆಚೆ ತಿರುಗಿಸು, ತಿರುಗಿಸಿದಳು, ಎರಡನೆಯದು, ಹರಿದಿದೆ, ಮೂರನೆಯದು, ಅದೂ ಹರಿದಿದೆ, ಮೂರೂ ಒಂದೇ ನೇರಕ್ಕೆ, ಕತ್ತಿಯಲ್ಲಿ ಗೀರಿದ ಹಾಗೆ, ಮೂರನೆಯದರಲ್ಲಂತೂ ತುಂಡಾದ ಎಳೆಗಳು ಹುಲ್ಲಿನಂತೆ ಎದ್ದು ನಿಂತಿವೆ, ಚಕ್ರದ ಬಾಯಲ್ಲೇ ಬಂದು ನಿಂತಿವೆ. ಆಗ ಕೆಳಗಿನಿಂದ, ಲಿಫ್ಟಿನ ಆ ಕತ್ತಲ ಕೊಳವೆಯಿಂದ, ಅಮ್ಮನ ದನಿ, ಕೂಸೇ, ಎಂತಾತೇ, ಕರೆಂಟ್ ಹೋತನೇ?

ಅಮ್ಮ. ಲಿಫ್ಟಿನೊಳಗೆ ಅಮ್ಮ. ಈಗಷ್ಟೇ, ಕೆಳಗೆ, ಮಂಡಿ ಆಪರೇಶನ್ ಆದವಳು ಮೆಟ್ಟಿಲು ಹತ್ತುವುದು ಬೇಡ, ನೀ ಲಿಫ್ಟಲ್ಲಿ ಮೂರನೇ ಮಾಳಿಗೆಗೆ ಹೋಗು, ವ್ಯಾಯಾಮ ಮಾಡಿಸೋರು ಅಲ್ಲಿ ಇದ್ದ, ಆನು ಮೆಟ್ಟಿಲಲ್ಲಿ ಹೋಗಿ ಯಂತ್ರ ಒಂಚೂರು ನೋಡಿಕ್ಯಂಡು ಬತ್ತೆ ಎಂದು ತಾನೇ ಒಳಗೆ ಹತ್ತಿಸಿ, ತಾನೇ ಗುಂಡಿ ಒತ್ತಿ, ನಕ್ಕು ಬಂದವಳಲ್ಲವೇ ಅವಳು, ಯಂತ್ರ ಒಂಚೂರು ನೋಡಿಕ್ಯಂಡು ಅಂತೆ, ತಲೆ ನೆಟ್ಟಗಿತ್ತೇ ನಿನಗೆ, ಪೆಟ್ಟಿಗೆ ಕೂಗಿ ಹೇಳಿರಲಿಲ್ಲವೇ, ಬೆಲ್ಟಿನ ಪಕ್ಕದ ಈ ಸಣ್ಣ ಪೆಟ್ಟಿಗೆ, ಉಕ್ಕಿನ ಎಳೆಗಳೊಳಗೆ ಹಗಲೂ ರಾತ್ರಿ ಒಂಚೂರು ಕರೆಂಟ್ ಹರಿಸಿ ಕಾಯುವಂಥದ್ದು, ಹೊದಿಕೆ ಹರಿದು ಉಕ್ಕು ಚಕ್ರಕ್ಕೆ ತಾಗಿದರೆ ಕರೆಂಟ್ ಸೋರಿ ಕೆಂಪು ದೀಪ ಹತ್ತಿ ಲಿಫ್ಟನ್ನೇ ನಿಲ್ಲಿಸುವಂಥದ್ದು, ಮನುಷ್ಯರ ಕಣ್ಣಿಗೆ ಕಾಣದ್ದು ಇದಕ್ಕೆ ಗೊತ್ತಾಗುತ್ತದೆ ಎಂದು ಊರೂರಿಗೆ ಹೇಳಿಕೊಂಡು ತಿರುಗಿದವಳೇ ಅವಳು, ಮತ್ತೆ ಮೊನ್ನೆ ಇಲ್ಲಿ ಅದು ಕೂಗಿದಾಗ ಎಂತ ಮಾಡಿದಳು, ಭಟ್ಕಳದ ಅಪಾರ್ಟ್‌ಮೆಂಟಿನಲ್ಲಿ ಮಳೆಗಾಲವಿಡೀ ಇದೇ ಪೆಟ್ಟಿಗೆ ಸುಮ್ಮಸುಮ್ಮನೆ ಕೂಗಿತ್ತು, ಸಮುದ್ರದ ಉಪ್ಪುಗಾಳಿ, ಥಂಡಿ, ಒರೆಸಿದರೆ ಸರಿಹೋಗುತ್ತಿತ್ತು, ಇದೂ ಹಾಗೇ ಅಂದುಕೊಂಡಳು, ನರ್ಸಿಂಗ್ ಹೋಮಿನ ಮಾಲತಿ ಫೋನಿನಲ್ಲಿ ಅಳುವುದೊಂದೇ ಬಾಕಿ, ಮೇಡಂ, ಲಿಫ್ಟ್ ನಿಂತೋಯ್ತು, ಪೇಶಂಟನ್ನ ಕುರ್ಚಿ ಮೇಲೆ ಹೊತ್ಕಂಡು ಹತ್ತಿಸ್ತಾ ಇದ್ರು, ಎಂತಾರೂ ಮಾಡಿ, ಆತು ಮಾಲತಕ್ಕ ಈಗ ಮಾಡ್ತೆ ಎಂದು ಕುಮಟಾದಲ್ಲಿ ಕೂತು ಚಾ ಕುಡಿಯುತ್ತಲೇ ಲ್ಯಾಪ್‌ಟಾಪಿನಲ್ಲಿ ಎಷ್ಟು ಕರೆಂಟ್ ಸೋರಿದರೆ ಕೂಗಬೇಕೆಂಬ ಪೆಟ್ಟಿಗೆಯ ಮಿತಿಯನ್ನು ಸಡಿಲ ಮಾಡಿದಳು, ಕೆಂಪು ಹೋಗಿ ಹಸಿರಾಯಿತು, ಲಿಫ್ಟ್ ಓಡಿತು, ಅಷ್ಟು ಸುಲಭ. ಛೇ, ಕಾವಲಿಗೆ ಕೂರಿಸಿದ್ದರ ಬಾಯಿಗೆ ಬಟ್ಟೆ ತುರುಕಿದಳು.

ಕೂಸೇ, ಇದ್ಯನೇ ಮೇಲೆ? ಇದ್ದೆ ಅಮ್ಮ, ಗೋಡೆಗೆ ಒರಗಿ ನಿತ್ಕ, ಅಲ್ಲಾಡಡ ಎಂದು ಕೂಗಿ ಹೇಳಿದಳು, ಒಂದಡಿ ಲಿಫ್ಟ್ ಎಳೆದರೂ ಆ ಹರಿದ ಜಾಗ ಚಕ್ರದ ಮೇಲೆ ಬಗ್ಗುತ್ತದೆ, ಎಳೆಯುವ ಹಾಗಿಲ್ಲ, ಬಿದ್ದರೆ ಹಿಡಿದುಕೊಳ್ಳಲು ಕೆಳಗೆ ಬ್ರೇಕಿದೆ, ಇದೆ, ಅದನ್ನು ನಂಬು ಎನ್ನುತ್ತದೆ ಬುದ್ಧಿ, ಪೆಟ್ಟಿಗೆಯನ್ನೂ ನಂಬು ಎಂದಿತ್ತಲ್ಲ ಅದೇ ಬುದ್ಧಿ, ಓಡಿದಳು, ಮೆಟ್ಟಿಲು ಹೇಗೆ ಇಳಿದಳೋ, ಮಾಸ್ತೀ, ಮಾಸ್ತೀ, ಬಾಗಿಲಿನ ಚಾವಿ ತಾ, ಕಾವಲುಗಾರ ಮಾಸ್ತಿ ಎದುರು ಬಂದ, ಎಂತಾ ಆಯ್ತ್ರಾ ಅಮ್ಮಾ, ಇವನೂ ಇದ್ದನಲ್ಲ ಹೋದ ವಾರ ಆಯುಧಪೂಜೆಯ ದಿನ, ಚಕ್ರಕ್ಕೆ ಕುಂಕುಮ, ಪೆಟ್ಟಿಗೆಗೆ ಗಂಧ, ಮೂರು ಬೆಲ್ಟನ್ನೂ ಒಟ್ಟಿಗೆ ಸುತ್ತಿ ಅಮ್ಮ ಕಟ್ಟಿಕೊಟ್ಟ ಗೊಂಡೆಹೂವಿನ ಮಾಲೆ ಬಿಗಿದದ್ದು ಶ್ರೀಗೌರಿಯೇ, ಆರತಿ ಎತ್ತುವಾಗ ಕೆಳಗೆ ಯಾರೋ ಗುಂಡಿ ಒತ್ತಿದರು, ಸ್ವಿಚ್ ಆರಿಸಿರಲಿಲ್ಲ, ಲಿಫ್ಟ್ ಹೊರಟಿತು, ಮಾಲೆ ಚಕ್ರದಡಿಗೆ ಹೋಗಿ ಹೂವೆಲ್ಲ ಪುಡಿಪುಡಿ, ದೇವ್ರು ಪ್ರಸಾದ ತಕಂಡ ನೋಡಿ ಎಂದು ಮಾಸ್ತಿ ಕೈಮುಗಿದ, ಎಲ್ಲರೂ ನಕ್ಕರು, ಅವಳು ಎಲ್ಲರಿಗಿಂತ ಜಾಸ್ತಿ ನಕ್ಕಳು. ಹೂವು ಉಕ್ಕಿನ ಬೆಲ್ಟನ್ನು ಎಲ್ಲಿಯಾದರೂ ಕೊಯ್ಯುತ್ತದೆಯೇ, ಇಲ್ಲ, ಹೂವಲ್ಲ, ಹೂವಿನೊಳಗಿನ ದಾರ, ದಾರವಲ್ಲ —

ಬಾಗಿಲು ಸರಿಯಿತು. ಲಿಫ್ಟ್ ಅರ್ಧಕ್ಕೆ ನಿಂತಿದೆ, ಮೂರನೇ ಮಹಡಿಯ ನೆಲ ಅಮ್ಮನ ಸೊಂಟದ ಮಟ್ಟಕ್ಕೆ, ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಗುತ್ತಿದ್ದಾಳೆ, ನಿನ್ನ ಲಿಫ್ಟು ಎನ್ನ ಮಂಡಿಗಿಂತ ಕಡೆ ಆತಲೇ ಎನ್ನುತ್ತಾಳೆ, ನಗಡ ಅಮ್ಮ, ಕೈ ಕೊಡು, ಮಾಸ್ತಿ ಕುರ್ಚಿಯೊಂದನ್ನು ಒಳಗಿಳಿಸಿದ, ಮೆಲ್ಲಗೆ, ಮೆಲ್ಲಗೆ, ಲಿಫ್ಟ್ ಒಮ್ಮೆ ಕಿರ್ರೆಂದಿತು, ಅಮ್ಮ ಕುರ್ಚಿ ಹತ್ತಿದಳು, ಅಯ್ಯಮ್ಮಾ ಎಂದು ನೋವಿಗೆ ಕೂಗಿದಳು, ಕೂಗಲಿ, ಇಬ್ಬರೂ ಸೇರಿ ಎಳೆದರು, ಅಮ್ಮ ಬಂದಳು, ಪೂರಾ ಬಂದಳು, ಹೊರಗಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಳೆ, ಬದುಕಿದ್ದಾಳೆ. ಅದೆಂತಕ್ಕೆ ಇಷ್ಟು ಬೆಳ್ಳಗಾಜೆ ಕೂಸೇ, ಎಂತಾ ಹಾಳಾತು? ಅಮ್ಮ, ಹಬ್ಬದ ದಿನ ಮಾಲೆ ಯಾವುದರಲ್ಲಿ ಕಟ್ಟಿದ್ದೆ? ಯಾವ ಮಾಲೆಯೇ, ಓ ಲಿಫ್ಟಿಂದಾ, ಬಾಳೆನಾರು ಕಡಿತು ಹೇಳಿ ಸಪೂರ ತಂತಿಲಿ ಕಟ್ಟಿದ್ನಲೇ, ಗಟ್ಟಿ ಇರ್ಲಿ ಹೇಳಿ, ನಿನ್ನ ಕೆಲಸದ ಪೂಜೆ ಅಲ್ದ, ಕೈ ಹರಿದ್ರೂ ಬಿಟ್ಟಿದ್ನಿಲ್ಲೆ ಆನು. ಅಮ್ಮನ ಕೈ ಇನ್ನೂ ಅವಳ ಕೈಯೊಳಗೇ ಇದೆ, ಹೇಳಬೇಕು, ಈಗಲೇ ಎಲ್ಲ ಹೇಳಬೇಕು, ಲಿಫ್ಟಿಗೆ ಬೀಗ ಹಾಕಿಸಬೇಕು, ಮಾಲತಿಗೆ ಹೇಳಬೇಕು, ಹೇಳಬೇಕು, ಅಮ್ಮನ ತೋರುಬೆರಳಿನ ಮೇಲೆ ತಂತಿ ಕೊಯ್ದ ಗೆರೆ, ಮಧ್ಯದ ಬೆರಳಿನ ಮೇಲೆ ಗೆರೆ, ಉಂಗುರದ ಬೆರಳಿನ ಮೇಲೆ, ಮೂರೂ ಒಂದೇ ನೇರಕ್ಕೆ, ಮೂರು ಗೆರೆ, ಒಂದೇ ನೇರಕ್ಕೆ ಮೂರು ಗೆರೆ